ಫೀಚರ್ ಫ್ಲ್ಯಾಗ್: ಆಫ್ ಆಗಿದ್ದ ಮಾತ್ರಕ್ಕೆ ನಿರಪಾಯವಲ್ಲ

ಟಿ. ದಾಸರಹಳ್ಳಿಯ ಒಂದು ಪುಟ್ಟ ತಂಡ ಪಕ್ಕದ ಪೀಣ್ಯದ ಜಾಬ್‌ವರ್ಕ್ ಯೂನಿಟ್‌ಗಳಿಗೆ ಡಿ.ಸಿ., ಅಂದರೆ ಡೆಲಿವರಿ ಚಲನ್, ಬರೆಯುವ ಸಾಫ್ಟ್‌ವೇರ್ ಮಾಡುತ್ತಿದೆ ಎಂದಿಟ್ಟುಕೊಳ್ಳಿ. ಲೆಕ್ಕ ಇಡುವುದು ಸರ್ವರ್. ಮಾಲೀಕರು ಆಫೀಸಿನಲ್ಲಿ ತೆರೆಯುವುದು ವೆಬ್ ಪುಟ. ಸ್ಟೋರ್ ಕೀಪರ್ ಕೈಯಲ್ಲಿರುವುದು ಮೊಬೈಲ್ ಆ್ಯಪ್. ಫೋನಿನಲ್ಲೇ ಡಿ.ಸಿ. ಮಾಡುವ ಹೊಸ ಸೌಲಭ್ಯ ಸಿದ್ಧವಾಗಿದೆ. ಆದರೆ ಎಲ್ಲರಿಗೂ ಒಮ್ಮೆಗೇ ಕೊಡಲು ಧೈರ್ಯ ಸಾಲದು. ಆಗ ಕೋಡಿನಲ್ಲಿ ಒಂದು ಪ್ರಶ್ನೆ ಸೇರಿಸುತ್ತಾರೆ: ಈ ಬಳಕೆದಾರರಿಗೆ ಇದನ್ನು ತೋರಿಸಬೇಕೋ ಬೇಡವೋ? ಉತ್ತರವನ್ನು ಕೋಡಿನ ಹೊರಗೆ ಇಡುತ್ತಾರೆ. ಹೊಸ ಬಿಲ್ಡ್ ಇಲ್ಲದೆ ಉತ್ತರ ಬದಲಿಸಬಹುದು. ಇದೇ ಫೀಚರ್ ಫ್ಲ್ಯಾಗ್. ತುಂಬ ಉಪಯುಕ್ತ ವಿಧಾನ. ಅದರ ಸುತ್ತ ಬೆಳೆದ ನಂಬಿಕೆಗಳು ಮಾತ್ರ ದುಬಾರಿಯಾಗಬಲ್ಲವು.

ತಪ್ಪು ಕಲ್ಪನೆ 1: ಫ್ಲ್ಯಾಗ್ ಆಫ್ ಇದ್ದರೆ ಆ ಕೋಡ್ ಇಲ್ಲದಂತೆಯೇ.

ಸತ್ಯ: ಕೋಡ್ ಅಲ್ಲೇ ಇರುತ್ತದೆ, ಯಾರಾದರೂ ಆನ್ ಮಾಡುವುದನ್ನೇ ಕಾಯುತ್ತ. ಅಮೆರಿಕದ ಷೇರು ವ್ಯವಹಾರ ಸಂಸ್ಥೆ ನೈಟ್ ಕ್ಯಾಪಿಟಲ್‌ಗೆ 2012ರ ಆಗಸ್ಟ್ 1ರಂದು ಆದದ್ದು ಇದೇ. 2003ರಿಂದ ಬಳಸದಿದ್ದ ‘ಪವರ್ ಪೆಗ್’ ಎಂಬ ಸೌಲಭ್ಯದ ಕೋಡನ್ನು ಅವರು ತೆಗೆದಿರಲಿಲ್ಲ. ಅದರ ಹಳೆಯ ಫ್ಲ್ಯಾಗನ್ನೇ ಹೊಸ ಸೌಲಭ್ಯಕ್ಕೆ ಬಳಸಿಕೊಂಡರು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ತಪ್ಪಿಹೋಗಿತ್ತು. ಫ್ಲ್ಯಾಗ್ ಆನ್ ಆದಾಗ ಆ ಎಂಟನೆಯ ಸರ್ವರಿನಲ್ಲಿ ಹಳೆಯ ಕೋಡ್ ಎದ್ದು ಕುಳಿತು ಆರ್ಡರುಗಳ ಮಳೆ ಸುರಿಸಿತು. 212 ಗ್ರಾಹಕ ಆರ್ಡರುಗಳಿಂದ 40 ಲಕ್ಷಕ್ಕೂ ಮಿಕ್ಕ ವ್ಯವಹಾರಗಳು ನಡೆದುಹೋದವು. ಸುಮಾರು 45 ನಿಮಿಷ ನಡೆದ ಈ ಅನಾಹುತದ ಒಟ್ಟು ನಷ್ಟ 46 ಕೋಟಿ ಡಾಲರ್ ದಾಟಿತು. ಮರುವರ್ಷ ಆ ಸಂಸ್ಥೆ ಗೆಟ್ಕೊ ಎಂಬ ಮತ್ತೊಂದು ಕಂಪನಿಯ ಜೊತೆ ವಿಲೀನವಾಯಿತು.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಗಾಬರಿಯಲ್ಲಿ ಅವರು ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡನ್ನು ವಾಪಸ್ ತೆಗೆದರು. ಫ್ಲ್ಯಾಗ್ ಇನ್ನೂ ಆನ್ ಇದ್ದುದರಿಂದ ಆ ಏಳರಲ್ಲೂ ಹಳೆಯ ಕೋಡ್ ಓಡತೊಡಗಿ ತೊಂದರೆ ಹೆಚ್ಚಾಯಿತು. ಪಾಠಗಳು ಎರಡು: ಹಳೆಯ ಫ್ಲ್ಯಾಗಿನ ಹೆಸರನ್ನು ಮತ್ತೆ ಬಳಸಬೇಡಿ, ರೋಲ್‌ಬ್ಯಾಕ್ ಮಾಡುವಾಗ ಕೋಡ್ ಮತ್ತು ಫ್ಲ್ಯಾಗ್ ಎರಡರ ಸ್ಥಿತಿಯನ್ನೂ ನೋಡಿ.

ತಪ್ಪು ಕಲ್ಪನೆ 2: ಆಫ್ ಒತ್ತಿದ ಕೂಡಲೇ ಎಲ್ಲ ಕಡೆ ಆಫ್.

ಸತ್ಯ: ಸರ್ವರಿನಲ್ಲಿ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳ ಮಾತು. ವೆಬ್‌ನಲ್ಲಿ, ಬೆಳಿಗ್ಗೆ ತೆರೆದಿಟ್ಟ ಟ್ಯಾಬ್ ಸಂಜೆಯವರೆಗೂ ಹಳೆಯ ಉತ್ತರವನ್ನೇ ಹಿಡಿದಿರಬಹುದು. ಮೊಬೈಲ್ ಇನ್ನೂ ನಿಧಾನ. ಬಹಳ ಮಂದಿ ಬಳಸುವ ಫೈರ್‌ಬೇಸ್ ರಿಮೋಟ್ ಕಾನ್ಫಿಗ್‌ನಲ್ಲಿ, ನೀವಾಗಿ ಬದಲಿಸದಿದ್ದರೆ, ಒಮ್ಮೆ ತಂದ ಮೌಲ್ಯವನ್ನು ಮತ್ತೆ ಕೇಳಲು ಕನಿಷ್ಠ 12 ಗಂಟೆಗಳ ಅಂತರವಿರುತ್ತದೆ. ತಕ್ಷಣ ತಲುಪಿಸುವ ರಿಯಲ್ ಟೈಮ್ ಸೌಲಭ್ಯವೂ ಅದರಲ್ಲಿದೆ. ಆದರೆ ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಸಿಗದ ಫೋನಿಗೆ ಅದೂ ತಲುಪದು. ಹಾಗಾಗಿ ನೆಟ್ ಇಲ್ಲದಾಗ ಆ್ಯಪ್ ಯಾವ ಉತ್ತರ ಹಿಡಿಯಬೇಕು ಎಂಬುದನ್ನು ಬಿಲ್ಡ್ ಮಾಡುವಾಗಲೇ ನಿರ್ಧರಿಸಬೇಕು. ಆ ಡೀಫಾಲ್ಟ್ ಯಾವಾಗಲೂ ಸುರಕ್ಷಿತ ದಾರಿಯದ್ದಾಗಿರಲಿ. ತುರ್ತಾಗಿ ನಿಲ್ಲಿಸಲೇಬೇಕಾದ ಕೆಲಸಕ್ಕೆ ಸರ್ವರಿನಲ್ಲೂ ತಡೆ ಇರಲಿ.

ತಪ್ಪು ಕಲ್ಪನೆ 3: 10 ಪರ್ಸೆಂಟ್ ರೋಲ್‌ಔಟ್ ಎಂದರೆ ಪ್ರತಿ ಸಲ ಲಾಟರಿ ಎತ್ತುವುದು.

ಸತ್ಯ: ಹಾಗಾದರೆ ಸ್ಟೋರ್ ಕೀಪರಿಗೆ ಬೆಳಿಗ್ಗೆ ಕಂಡ ಬಟನ್ ಮಧ್ಯಾಹ್ನ ಮಾಯವಾಗುತ್ತಿತ್ತು. ನಡೆಯುವುದೇ ಬೇರೆ. ಬಳಕೆದಾರರ ಐಡಿ ಮತ್ತು ಫ್ಲ್ಯಾಗಿನ ಹೆಸರನ್ನು ಸೇರಿಸಿ ಹ್ಯಾಶ್ ಮಾಡಿ, 0ರಿಂದ 99ರೊಳಗೆ ಒಂದು ಸಂಖ್ಯೆ ಪಡೆಯುತ್ತಾರೆ. 10ಕ್ಕಿಂತ ಕಡಿಮೆ ಬಂದವರಿಗೆ ಆನ್. ಅದೇ ಐಡಿಗೆ ಸದಾ ಅದೇ ಸಂಖ್ಯೆ. 20ಕ್ಕೆ ಏರಿಸಿದಾಗ ಮೊದಲಿನ ಹತ್ತರವರು ಒಳಗೇ ಉಳಿಯುತ್ತಾರೆ. ಎಡವುವುದು ಐಡಿ ಆರಿಸುವಲ್ಲಿ. ವೆಬ್‌ನಲ್ಲಿ ಕುಕೀ, ಮೊಬೈಲಿನಲ್ಲಿ ಫೋನಿನ ಐಡಿ ಎಂದಾದರೆ ಒಬ್ಬರಿಗೇ ಎರಡು ಉತ್ತರ ಬರಬಹುದು. ನಮ್ಮ ಡಿ.ಸಿ. ಸಾಫ್ಟ್‌ವೇರಿಗೆ ಯೂನಿಟ್ಟಿನ ಐಡಿಯೇ ಸರಿ: ಮಾಲೀಕರಿಗೂ ಸ್ಟೋರ್ ಕೀಪರಿಗೂ ಒಂದೇ ಉತ್ತರ.

ತಪ್ಪು ಕಲ್ಪನೆ 4: ಫ್ಲ್ಯಾಗ್ ಹಾಕಿದರೆ ಗುಟ್ಟು ಭದ್ರ.

ಸತ್ಯ: ಬ್ರೌಸರಿಗೆ ಹೋದ ಜಾವಾಸ್ಕ್ರಿಪ್ಟನ್ನು ಯಾರು ಬೇಕಾದರೂ ತೆರೆದು ಓದಬಹುದು, ಫ್ಲ್ಯಾಗನ್ನು ಅಲ್ಲೇ ತಿರುಚಲೂಬಹುದು. ಬಟನ್ ಮುಚ್ಚುವುದು ಬೇರೆ, ಅನುಮತಿ ಪರೀಕ್ಷಿಸುವುದು ಬೇರೆ. ಎರಡನೆಯದು ಸರ್ವರಿನಲ್ಲೇ ಆಗಬೇಕು. ಐಫೋನ್ ಆ್ಯಪ್ ಮಾಡುವವರು ಇನ್ನೊಂದು ನಿಯಮ ನೆನಪಿಡಬೇಕು. ಆ್ಯಪ್ ಸ್ಟೋರ್ ಮಾರ್ಗಸೂಚಿಯ 2.3.1ನೇ ನಿಯಮದ ಪ್ರಕಾರ ಪರಿಶೀಲಕರಿಗೆ ಹೇಳದೆ ಸೌಲಭ್ಯಗಳನ್ನು ಅಡಗಿಸಿಡುವಂತಿಲ್ಲ.

ತಪ್ಪು ಕಲ್ಪನೆ 5: ಇದೆಲ್ಲ ದೊಡ್ಡ ಕಂಪನಿಗಳ ಬಾಬತ್ತು.

ಸತ್ಯ: ಐದು ಜನರ ತಂಡಕ್ಕೆ ಡೇಟಾಬೇಸಿನ ಒಂದು ಟೇಬಲ್ ಸಾಕು. ಬೆಳೆದಾಗ ಅನ್‌ಲೀಶ್, ಫ್ಲ್ಯಾಗ್‌ಸ್ಮಿತ್‌ನಂಥ ಓಪನ್ ಸೋರ್ಸ್ ಸಾಧನಗಳಿವೆ. ನಮ್ಮ ಬೆಂಗಳೂರಿನದೇ ಜಸ್‌ಪೇ ‘ಸೂಪರ್‌ಪೊಸಿಷನ್’ ಎಂಬ ಕಾನ್ಫಿಗ್ ಮತ್ತು ಪ್ರಯೋಗ ವ್ಯವಸ್ಥೆಯನ್ನು ಓಪನ್ ಸೋರ್ಸ್ ಆಗಿ ಕೊಟ್ಟಿದೆ. ಸಾಧನ ಬದಲಿಸಿದಾಗ ಕೋಡನ್ನೆಲ್ಲ ತಿದ್ದುವ ಪಾಡು ತಪ್ಪಿಸಲು ‘ಓಪನ್‌ಫೀಚರ್’ ಎಂಬ ಸಮಾನ ಮಾನದಂಡವೂ ಇದೆ.

ತಪ್ಪು ಕಲ್ಪನೆ 6: ರಿಲೀಸ್ ಆಯಿತು, ಫ್ಲ್ಯಾಗ್ ಇದ್ದರೆ ಇರಲಿ.

ಸತ್ಯ: ತುರ್ತು ನಿಲುಗಡೆಯ ಫ್ಲ್ಯಾಗ್, ಗ್ರಾಹಕರ ಪ್ಲಾನಿಗೆ ತಕ್ಕ ಫ್ಲ್ಯಾಗ್ ಬಹುಕಾಲ ಇರಬಹುದು. ರಿಲೀಸಿಗೆಂದು ಹಾಕಿದ ಫ್ಲ್ಯಾಗ್ ಹೋಗಲೇಬೇಕು. ಹತ್ತು ಫ್ಲ್ಯಾಗ್ ಉಳಿದರೆ 1,024 ಸಂಯೋಜನೆಗಳು; ಯಾವ ಟೆಸ್ಟಿಂಗ್ ತಂಡವೂ ಅಷ್ಟನ್ನು ಪರೀಕ್ಷಿಸುವುದಿಲ್ಲ. ತೆಗೆಯುವುದಕ್ಕೂ ಕ್ರಮವಿದೆ: ಮೊದಲು ಆ್ಯಪ್ ಮತ್ತು ವೆಬ್ ಕೋಡಿನಿಂದ, ಕೊನೆಗೆ ಸರ್ವರಿನಿಂದ. ಅಪ್‌ಡೇಟ್ ಮಾಡದ ಹಳೆಯ ಆ್ಯಪ್‌ಗಳು ತಿಂಗಳುಗಟ್ಟಲೆ ಅದೇ ಪ್ರಶ್ನೆ ಕೇಳುತ್ತಿರುತ್ತವೆ. ಅವು ಬಳಕೆಯಿಂದ ಹೋಗುವವರೆಗೆ ಸರ್ವರ್ ಉತ್ತರ ಕೊಡುತ್ತಲೇ ಇರಬೇಕು.

ಆದ್ದರಿಂದ ಮುಂದಿನ ಫ್ಲ್ಯಾಗ್ ಸೇರಿಸುವ ದಿನವೇ ಮೂರು ವಿಷಯ ಬರೆದಿಡಿ: ಅದರ ಹೊಣೆ ಯಾರದು, ನೆಟ್ ಇಲ್ಲದಾಗ ಉತ್ತರ ಏನು, ತೆಗೆಯುವ ತಾರೀಖು ಯಾವುದು. ಈ ಮೂರಕ್ಕೆ ಉತ್ತರವಿಲ್ಲದ ಫ್ಲ್ಯಾಗನ್ನು ಕೋಡಿಗೆ ಸೇರಿಸಲು ಒಪ್ಪಬೇಡಿ.