ಒಳಗೆಳೆದ ಉಸಿರಿನ ಹಾಡು

ಅಂಗೈಯಲ್ಲಿ ಅಡಗುವ ವಾದ್ಯವೊಂದುಂಟು. ನಮ್ಮಲ್ಲಿ ಅದಕ್ಕೆ ಮೌತ್ ಆರ್ಗನ್ ಎಂದು ಹೆಸರು; ಅಮೆರಿಕದವರು ಹಾರ್ಮೋನಿಕ ಎನ್ನುತ್ತಾರೆ. ಮಕ್ಕಳ ಕೈಗೆ ಕೊಡುವ ಆಟಿಕೆಯೆಂದೇ ಅದನ್ನು ಬಲ್ಲವರು ಹೆಚ್ಚು. ಹತ್ತು ರಂಧ್ರ, ಇಪ್ಪತ್ತು ಹಿತ್ತಾಳೆಯ ತೆಳುನಾಲಗೆ—ಇಷ್ಟೇ ಅದರ ಸಂಪತ್ತು. ಇಂಥ ಬಡ ವಾದ್ಯವು ಎರಡು ನಾಡುಗಳ ಸಂಗೀತಕ್ಕೆ ಸೇತುವೆಯಾದೀತೆ? ಆದೀತು ಎಂಬುದಕ್ಕೆ ಚಾರ್ಲಿ ಮಸಲ್‌ವೈಟ್ ಎಂಬ ವಾದಕನ ಬಾಳೇ ಸಾಕ್ಷಿ.

ಮೊದಲು ವಾದ್ಯದ ಮಾತು. ಜರ್ಮನಿಯ ಟ್ರೊಸಿಂಗೆನ್ ಊರಿನಲ್ಲಿ ಮಥಿಯಾಸ್ ಹೋನರ್ ಎಂಬ ಗಡಿಯಾರದ ಕಸುಬಿನವನು 1857ರಲ್ಲಿ ಇದನ್ನು ತಯಾರಿಸತೊಡಗಿದನು. ಯುರೋಪಿನ ಜನಪದ ಹಾಡುಗಳಿಗೆ ಒಪ್ಪುವಂತೆ, ಊದಿದಾಗ ಆಧಾರಸ್ವರದ ಮೇಳ ನುಡಿಯುವಂತೆ ಅದರ ರಚನೆ. ಅದು ಕಡಲು ದಾಟಿ ಅಮೆರಿಕದ ದಕ್ಷಿಣ ಸೀಮೆಯ ಕಪ್ಪು ಜನರ ಕೈ ಸೇರಿದಾಗ ಎಲ್ಲವೂ ತಿರುಗುಮುರುಗಾಯಿತು. ಅವರು ಊದುವುದಕ್ಕಿಂತ ಉಸಿರನ್ನು ಒಳಗೆಳೆಯುವುದನ್ನೇ ಮುಖ್ಯ ಮಾಡಿಕೊಂಡರು. 'ಸಿ' ಶ್ರುತಿಯ ವಾದ್ಯದಲ್ಲಿ 'ಜಿ' ಶ್ರುತಿಯ ಹಾಡನ್ನು ನುಡಿಸಿದರು. ಒಳಗೆಳೆಯುವಾಗ ನಾಲಗೆ ಗಂಟಲುಗಳ ಆಕಾರವನ್ನು ಬದಲಿಸಿದರೆ ಸ್ವರ ಕೆಳಕ್ಕೆ ಬಾಗುತ್ತದೆ. ನಮ್ಮ ಗಾಯಕರ ಜಾರಿನಂತೆ ಅಳುತ್ತ ಇಳಿಯುತ್ತದೆ. ವಾದ್ಯವನ್ನು ಮಾಡಿದವರು ಎಣಿಸದಿದ್ದ ಈ ಬಾಗಿದ ಸ್ವರವೇ ಬ್ಲೂಸ್ ಗಾಯನದ ಜೀವ.

ಈ ಉಸಿರು ಅಷ್ಟು ಹೊರೆ ಹೊರಬೇಕಾದುದೇಕೆ? ಇತಿಹಾಸದಲ್ಲಿ ಇದಕ್ಕೆ ಒಂದು ಕಾರಣ ಸಿಗುತ್ತದೆ. 1739ರಲ್ಲಿ ದಕ್ಷಿಣ ಕೆರೊಲಿನದಲ್ಲಿ ಗುಲಾಮರು ದಂಗೆ ಎದ್ದರು. ಮರುವರ್ಷವೇ ಅಲ್ಲಿ ಬಂದ ಕಾನೂನು ಅವರಿಗೆ ಮದ್ದಳೆಯನ್ನು ನಿಷೇಧಿಸಿತು. ಚರ್ಮವಾದ್ಯ ಕಳೆದುಕೊಂಡವರ ಲಯವು ಕೊರಳಿಗೆ, ಚಪ್ಪಾಳೆಗೆ, ತಂತಿಗೆ, ಕಡೆಗೆ ಈ ಪುಟ್ಟ ವಾದ್ಯದ ಉಸಿರಿಗೆ ಸೇರಿಕೊಂಡಿತು. ಅದೇ ಆಫ್ರಿಕದ ಕರಾವಳಿಯಿಂದ ಸ್ಪೇನಿನವರ ಕ್ಯೂಬಕ್ಕೆ ಸಾಗಿಸಲ್ಪಟ್ಟವರ ಪಾಡೂ ಗುಲಾಮಗಿರಿಯೇ. ಆದರೆ ಅಲ್ಲಿ ಕಾಬಿಲ್ಡೊ ಎಂಬ ಅವರ ಕೂಟಗಳಲ್ಲಿ ಮದ್ದಳೆಯ ದನಿ ಉಳಿದುಕೊಂಡಿತು. ಒಂದೇ ಬಳಗದ ಒಂದು ಕವಲು ಮದ್ದಳೆಯನ್ನು ಕಳೆದುಕೊಂಡಿತು, ಇನ್ನೊಂದು ಕಾಪಾಡಿಕೊಂಡಿತು.

ಮಸಲ್‌ವೈಟ್ ಹುಟ್ಟಿದ್ದು 1944ರಲ್ಲಿ, ಮಿಸಿಸಿಪ್ಪಿಯಲ್ಲಿ. ಬೆಳೆದದ್ದು ಮೆಂಫಿಸ್ ನಗರದಲ್ಲಿ. ಬಿಳಿಯರ ಮನೆಯ ಈ ಹುಡುಗನಿಗೆ ಬ್ಲೂಸ್ ಪಿತ್ರಾರ್ಜಿತವಲ್ಲ. ವಿಲ್ ಶೇಡ್, ಫರಿ ಲೂಯಿಸ್ ಮೊದಲಾದ ಹಿರಿಯ ಕಪ್ಪು ಕಲಾವಿದರ ಬಳಿ ಕುಳಿತು ಗಳಿಸಿದ್ದು. ಕೆಲಸ ಹುಡುಕುತ್ತ ಷಿಕಾಗೋಗೆ ಹೋದವನು ಹುಳುಹುಪ್ಪಟೆ ನಿವಾರಿಸುವವನೊಬ್ಬನ ಗಾಡಿಯನ್ನು ನಡೆಸುತ್ತ, ಬೀದಿಬೀದಿಯಲ್ಲಿ ಬ್ಲೂಸ್ ಕೂಟಗಳ ಫಲಕಗಳನ್ನು ಕಂಡನು. ಇರುಳು ಅಲ್ಲಿಗೆ ಹೋಗಿ ಲಿಟಲ್ ವಾಲ್ಟರ್, ಬಿಗ್ ವಾಲ್ಟರ್ ಹಾರ್ಟನ್‌ರಂಥ ಘನ ವಾದಕರ ಒಡನಾಟ ಪಡೆದನು. 1967ರಲ್ಲಿ ಬಂದ ಆತನ ಮೊದಲ ಧ್ವನಿಮುದ್ರಿಕೆಯಲ್ಲಿ ಡ್ಯೂಕ್ ಪಿಯರ್ಸನ್ ರಚಿಸಿದ 'ಕ್ರಿಸ್ತೊ ರೆದೆಂತೊರ್' ಎಂಬ ಕೃತಿಯಿದೆ. ರಿಯೋ ದ ಜನೈರೋದ ಬೆಟ್ಟದ ಮೇಲೆ ತೋಳು ಚಾಚಿ ನಿಂತ ಕ್ರಿಸ್ತನ ವಿಗ್ರಹದ ಹೆಸರೇ ಅದಕ್ಕೆ. ದಕ್ಷಿಣದ ಕಡೆಗೆ ಈತನ ಮುಖ ಅಂದೇ ತಿರುಗಿತ್ತು.

ದಾರಿ ಹೊಸದೇನಲ್ಲ. ಡಬ್ಲ್ಯು. ಸಿ. ಹ್ಯಾಂಡಿ 1900ರಲ್ಲಿ ಕ್ಯೂಬ ಕಂಡು ಬಂದವನು. 1914ರ ಆತನ 'ಸೇಂಟ್ ಲೂಯಿಸ್ ಬ್ಲೂಸ್' ಕೃತಿಯ ನಡುಭಾಗ ಹಬನೇರ ಎಂಬ ಕ್ಯೂಬದ ಲಯದಲ್ಲೇ ಸಾಗುತ್ತದೆ. ಹವಾನದಿಂದ ನ್ಯೂ ಆರ್ಲಿಯನ್ಸಿಗೆ ಹಡಗುಗಳು ಓಡಾಡುತ್ತಿದ್ದ ಕಾಲವದು. 1962ರಲ್ಲಿ ಅಮೆರಿಕವು ಕ್ಯೂಬದೊಡನೆ ವ್ಯಾಪಾರವನ್ನು ನಿರ್ಬಂಧಿಸಿದ ಮೇಲೆ ನೆರೆಮನೆಯೇ ದೂರದೇಶವಾಯಿತು.

ಆದುದರಿಂದಲೇ 1999ರ ಭೇಟಿಗೆ ಬೆಲೆ. ಆ ವರ್ಷದ 'ಕಾಂಟಿನೆಂಟಲ್ ಡ್ರಿಫ್ಟರ್' ಮುದ್ರಿಕೆಯಲ್ಲಿ ಮಸಲ್‌ವೈಟನ ಜೊತೆಗೆ ಎಲಿಯಾದೆಸ್ ಓಚೊವನ 'ಕ್ವಾರ್ತೆತೊ ಪಾತ್ರಿಯ' ಮೇಳ ಕೂಡಿತು. ಓಚೊವ ಪೂರ್ವ ಕ್ಯೂಬದ ಸಾಂತಿಯಾಗೊ ಸೀಮೆಯವನು. ಎಂಟು ತಂತಿಯ ಗಿಟಾರ್ ಹಿಡಿದು 'ಸೋನ್' ಎಂಬ ಹಳ್ಳಿಗಾಡಿನ ಪದ್ಧತಿಯನ್ನು ಹಾಡುವವನು. ಅದೇ ವರ್ಷ ಆತನ 'ಸುಬ್ಲಿಮೆ ಇಲುಸಿಯೋನ್' ಮುದ್ರಿಕೆಯಲ್ಲಿ ಮಸಲ್‌ವೈಟ್ ಅತಿಥಿಯಾಗಿ ನುಡಿಸಿದನು. ಭೇಟಿಗೆ ಪ್ರತಿಭೇಟಿ.

ಕೂಡುವುದೆಂದರೆ ಸುಲಭವಲ್ಲ. ಬ್ಲೂಸಿನ ಒಲೆದಾಟ ನಮ್ಮ ತಿಶ್ರನಡೆಯನ್ನು ಹೋಲುತ್ತದೆ. ಕ್ಯೂಬದ ಸೋನ್ ಚತುರಶ್ರಕ್ಕೆ ಹತ್ತಿರ. ಅದರ ಅಡಿಯಲ್ಲಿ 'ಕ್ಲಾವೆ' ಎಂಬ ಐದು ಪೆಟ್ಟಿನ ಕಟ್ಟು ಮೂರು-ಎರಡಾಗಿ ಸುತ್ತುತ್ತಲೇ ಇರುತ್ತದೆ. ಕೋಲು ತಟ್ಟದಿದ್ದರೂ ಮೇಳದವರೆಲ್ಲರ ಮನಸ್ಸಿನಲ್ಲಿ ಅದರ ಎಣಿಕೆ ನಡೆದಿರುತ್ತದೆ. ಬ್ಲೂಸ್ ವಾದಕ ತನ್ನ ಒಲೆದಾಟವನ್ನೇ ಹಿಡಿದು ನುಗ್ಗಿದರೆ ಕಟ್ಟು ಮುರಿಯುತ್ತದೆ. ತನ್ನದನ್ನು ಪೂರ್ತಿ ಬಿಟ್ಟುಕೊಟ್ಟರೆ ಆತ ಅಲ್ಲಿರುವುದೇ ವ್ಯರ್ಥ. ಲಯವನ್ನು ಅವರ ಕೈಗೆ ಒಪ್ಪಿಸಿ, ಬಾಗಿದ ಸ್ವರವನ್ನು ಮಾತ್ರ ತನ್ನದಾಗಿ ಉಳಿಸಿಕೊಳ್ಳುವುದೊಂದೇ ಹಾದಿ. ಮದ್ದಳೆಯ ಕೆಲಸವನ್ನೂ ಮಾಡಿ ದಣಿದ ಉಸಿರಿಗೆ ಇಲ್ಲಿ ಬರಿಯ ಹಾಡಾಗುವ ಬಿಡುವು ದೊರೆಯುತ್ತದೆ.

ಸಂಕರದಿಂದ ಕಲೆ ಕೆಡುತ್ತದೆಂದು ಅಂಜುವವರು ಎಲ್ಲ ನಾಡಿನಲ್ಲೂ ಇದ್ದಾರೆ. ಅವರ ಅಂಜಿಕೆ ಹುಸಿಯಲ್ಲ. ಎರಡೂ ಕಡೆಯನ್ನು ಅರಿಯದೆ ಬೆರೆಸಿದ್ದು ಕಲಬೆರಕೆಯೇ ಸರಿ. ಆದರೆ ಶುದ್ಧವೆಂದು ನಾವು ಕೊಂಡಾಡುವ ಬ್ಲೂಸಾದರೂ ಯಾವುದು? ಜರ್ಮನ್ ವಾದ್ಯ, ಆಫ್ರಿಕದ ನೆನಪು, ಅಮೆರಿಕದ ದುಃಖ. ಮಸಲ್‌ವೈಟ್ ಬೆರೆಸಿದ್ದು ಪರಕೀಯವಾದ ಎರಡನ್ನಲ್ಲ. ಕಡಲಲ್ಲಿ ಬೇರೆಯಾದ ಬಂಧುಗಳು ಮುದುಕರಾದ ಮೇಲೆ ಒಂದೇ ಜಗಲಿಯಲ್ಲಿ ಕುಳಿತಂತೆ ಅದು. ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ತಿಳಿಯದು, ಕುಲದ ಗುರುತು ಮಾತ್ರ ದನಿಯಲ್ಲಿ ತಪ್ಪದೆ ಸಿಗುತ್ತದೆ.