ಗೇಟಿನ ಕ್ಯಾಮೆರಾ ಪದೇ ಪದೇ ಆಫ್‌ಲೈನ್ ಆದಾಗ

ಮನೆಯ ಹೊರಗೋಡೆಗೆ ಹಾಕಿದ ವೈಫೈ ಕ್ಯಾಮೆರಾದ ದೃಶ್ಯ ಮೊಬೈಲಿಗೆ ಬರಬೇಕಾದರೆ ನಾಲ್ಕು ಹಂತ ದಾಟಬೇಕು. ಕ್ಯಾಮೆರಾಕ್ಕೆ ಕರೆಂಟು ಸಿಗಬೇಕು, ಅದರ ಸಿಗ್ನಲ್ ಗೋಡೆ ದಾಟಿ ರೂಟರ್ ಮುಟ್ಟಬೇಕು, ರೂಟರ್ ಅದನ್ನು ಗುರುತಿಸಿ ಒಳಗೆ ಬಿಟ್ಟುಕೊಳ್ಳಬೇಕು, ಕೊನೆಗೆ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್ ತಲುಪಬೇಕು. ಯಾವ ಹಂತ ಕೈಕೊಟ್ಟರೂ ಆ್ಯಪ್ ತೋರಿಸುವುದು ‘ಆಫ್‌ಲೈನ್’ ಎಂಬ ಒಂದೇ ಪದ. ಹೀಗಾಗಿ ಅನೇಕರು ಮೊದಲಿಗೇ ರೀಸೆಟ್ ಬಟನ್ ಒತ್ತುತ್ತಾರೆ. ಅದರಿಂದ ಕ್ಯಾಮೆರಾದಲ್ಲಿದ್ದ ವೈಫೈ ಪಾಸ್‌ವರ್ಡ್ ಅಳಿಸಿಹೋಗಿ ಕೆಲಸ ಹೆಚ್ಚುತ್ತದೆಯೇ ಹೊರತು ಕಾರಣ ತಿಳಿಯುವುದಿಲ್ಲ. ಸಂಪರ್ಕ ಯಾವ ಹೊತ್ತಿನಲ್ಲಿ ತಪ್ಪುತ್ತದೆ ಎಂದು ಎರಡು ಮೂರು ದಿನ ಬರೆದಿಟ್ಟುಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸದಾ ರೆಕಾರ್ಡ್ ಮಾಡುವ ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡ್ ಇದ್ದರೆ ಇನ್ನೊಂದು ಸುಳಿವು ಕೈಯಲ್ಲೇ ಇರುತ್ತದೆ. ಸಂಪರ್ಕ ಇಲ್ಲದ ಅವಧಿಯ ವಿಡಿಯೊ ಕಾರ್ಡಿನಲ್ಲಿ ಉಳಿದಿದ್ದರೆ ಕ್ಯಾಮೆರಾ ಎಚ್ಚರವಾಗಿಯೇ ಇತ್ತು, ತಪ್ಪಿದ್ದು ವೈಫೈ ಅಥವಾ ಇಂಟರ್ನೆಟ್. ಆ ಅವಧಿ ಕಾರ್ಡಿನಲ್ಲೂ ಖಾಲಿಯಿದ್ದರೆ ಮೊದಲು ಕರೆಂಟನ್ನೇ ನೋಡಬೇಕು.

ಹಗಲೆಲ್ಲ ಸರಿಯಿದ್ದು ಕತ್ತಲಾದ ಮೇಲೆ ಮಾತ್ರ ಕ್ಯಾಮೆರಾ ಆಫ್ ಆಗುತ್ತಿದ್ದರೆ ಬಹುಮಟ್ಟಿಗೆ ಕರೆಂಟಿನದೇ ದೋಷ. ರಾತ್ರಿ ನೋಡಲು ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ಎಲ್‌ಇಡಿಗಳನ್ನು ಹೊತ್ತಿಸುತ್ತದೆ, ಆಗ ಹೆಚ್ಚು ಕರೆಂಟು ಎಳೆಯುತ್ತದೆ. ಗೇಟಿನವರೆಗೆ ಮುಟ್ಟಿಸಲು ತೆಳ್ಳನೆಯ ಯುಎಸ್‌ಬಿ ವೈರನ್ನು ಜೋಡಿಸಿ ಉದ್ದ ಮಾಡಿದ್ದರೆ ಅಡಾಪ್ಟರ್ ಕೊಡುವ 5 ವೋಲ್ಟ್ ದಾರಿಯಲ್ಲೇ ಕುಸಿದು ಕ್ಯಾಮೆರಾ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಪವರ್ ಬ್ಯಾಂಕನ್ನು ಗಿಡ್ಡ ವೈರಿನಿಂದ ಸಿಕ್ಕಿಸಿ ಒಂದು ರಾತ್ರಿ ನೋಡಿದರೆ ವಿಷಯ ಇತ್ಯರ್ಥವಾಗುತ್ತದೆ. ಮಳೆ ಬಂದಾಗಲೆಲ್ಲ ತೊಂದರೆ ಕಾಣಿಸಿದರೆ ವೈರಿನ ಜಾಯಿಂಟ್ ಬಿಚ್ಚಿ ನೋಡಬೇಕು. ಕ್ಯಾಮೆರಾದ ಮೈಗೆ ಐಪಿ 66 ರಕ್ಷಣೆ ಇದ್ದರೂ ಗೋಡೆಗೆ ಜೋತಾಡುವ ಪಿನ್ನಿಗೆ ಅದು ಇರುವುದಿಲ್ಲ, ನೀರು ಸೇರಿದರೆ ಪಿನ್ ಹಸಿರುಗಟ್ಟುತ್ತದೆ. ಸೋಲಾರ್ ಕ್ಯಾಮೆರಾಗಳಲ್ಲಿ ಮೋಡ ಕವಿದ ವಾರಗಳಲ್ಲಿ, ಇಲ್ಲವೇ ಪ್ಯಾನೆಲ್ಲಿನ ಮೇಲೆ ಧೂಳು, ತರಗೆಲೆ ಕೂತಾಗ ಬ್ಯಾಟರಿ ಸೋಲುತ್ತದೆ.

ಕರೆಂಟು ಸರಿಯಿದ್ದರೆ ಮುಂದಿನದು ಸಿಗ್ನಲ್. ಕ್ಯಾಮೆರಾವನ್ನು ಅದರದೇ ಅಡಾಪ್ಟರ್ ಸಮೇತ ಒಳಗೆ ತಂದು ರೂಟರ್ ಇರುವ ಕೋಣೆಯಲ್ಲಿ ಒಂದು ದಿನ ಓಡಿಸುವುದು ಸುಲಭದ ಪರೀಕ್ಷೆ. ಅಲ್ಲಿ ಒಮ್ಮೆಯೂ ತಪ್ಪದಿದ್ದರೆ ಅಡ್ಡಿ ಇರುವುದು ನಡುವಿನ ದೂರದಲ್ಲಿ ಅಥವಾ ಗೋಡೆಯಲ್ಲಿ. ಹಲವು ಆ್ಯಪ್‌ಗಳು ಸಿಗ್ನಲ್ಲಿನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತವೆ. ಮೈನಸ್ 50ರ ಆಸುಪಾಸು ಚೆನ್ನಾಗಿದೆ ಎಂದರ್ಥ, ಮೈನಸ್ 67ರವರೆಗೆ ವಿಡಿಯೊಗೆ ಸಾಕು, ಮೈನಸ್ 80ಕ್ಕೆ ಇಳಿದರೆ ಸಂಪರ್ಕ ನಿಲ್ಲುವುದು ಕಷ್ಟ. ಈ ಲೆಕ್ಕದಲ್ಲಿ 10 ಇಳಿಯಿತೆಂದರೆ ಬಲ ಹತ್ತನೇ ಒಂದು ಭಾಗಕ್ಕೆ ಬಂದಂತೆ. ತಗಡಿನ ಶೀಟು, ಕಬ್ಬಿಣದ ಶಟರ್, ಕಂಬಿ ತುಂಬಿದ ಆರ್‌ಸಿಸಿ ಗೋಡೆ, ದಪ್ಪ ಜಂಬಿಟ್ಟಿಗೆಯ ಗೋಡೆ ಎಲ್ಲವೂ ಸಿಗ್ನಲ್ಲನ್ನು ತಡೆಯುತ್ತವೆ. ತುಂಬಿದ ನೀರಿನ ಟ್ಯಾಂಕ್, ಮಳೆಯಲ್ಲಿ ತೊಯ್ದ ದಟ್ಟ ಮರ ಕೂಡ ಅದನ್ನು ಹೀರುತ್ತವೆ. ಬೇಸಿಗೆಯಲ್ಲಿ ಸರಿಯಿದ್ದ ಕ್ಯಾಮೆರಾ ಆಷಾಢದಲ್ಲಿ ತೊದಲುವುದಕ್ಕೆ ಇದೂ ಕಾರಣವಾಗಬಹುದು.

ರೂಟರನ್ನು ಟಿವಿಯ ಹಿಂದಿನಿಂದ, ಸ್ಟೀಲ್ ಬೀರುವಿನ ಬದಿಯಿಂದ ತೆಗೆದು ಗೇಟಿನ ಕಡೆಯ ಕಿಟಕಿಯ ಹತ್ತಿರ ಎತ್ತರದಲ್ಲಿಟ್ಟರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಎಕ್ಸ್‌ಟೆಂಡರ್ ಹಾಕಬಹುದು. ಅದನ್ನು ಕ್ಯಾಮೆರಾದ ಪಕ್ಕದಲ್ಲಿಟ್ಟರೆ ಪ್ರಯೋಜನವಿಲ್ಲ. ತನಗೇ ದುರ್ಬಲ ಸಿಗ್ನಲ್ ಬಂದರೆ ಅದು ಮುಂದಕ್ಕೆ ಏನನ್ನು ಕೊಟ್ಟೀತು? ರೂಟರಿನ ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿ ಅದು ಇರಬೇಕು.

ಮೂರನೆಯದು ರೂಟರಿನ ಸೆಟ್ಟಿಂಗ್. ಬಹುಪಾಲು ಕಡಿಮೆ ಬೆಲೆಯ ಕ್ಯಾಮೆರಾಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಈ ಬ್ಯಾಂಡ್ 5 ಗಿಗಾಹರ್ಟ್ಸ್‌ಗಿಂತ ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಎರಡು ಬ್ಯಾಂಡಿಗೂ ರೂಟರ್ ಒಂದೇ ಹೆಸರು ಕೊಟ್ಟಿದ್ದರೆ ಕೆಲವು ಕ್ಯಾಮೆರಾಗಳು ತಬ್ಬಿಬ್ಬಾಗುತ್ತವೆ, 2.4ಕ್ಕೆ ಬೇರೆ ಹೆಸರಿಡುವುದು ಒಳ್ಳೆಯದು. ಅಪಾರ್ಟ್‌ಮೆಂಟಿನಲ್ಲಿ ಸಂಜೆ ಎಲ್ಲರ ಮನೆಯ ವೈಫೈ ಒಟ್ಟಿಗೆ ಓಡುವಾಗ ಚಾನೆಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ಒಂದಕ್ಕೊಂದು ತಾಗದವು 1, 6 ಮತ್ತು 11 ಮಾತ್ರ. ಇವುಗಳಲ್ಲಿ ಖಾಲಿಯಿರುವ ಒಂದನ್ನು ಆರಿಸಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ನಿಲ್ಲಿಸಬೇಕು. ಹೊಸ ರೂಟರುಗಳ ಡಬ್ಲ್ಯುಪಿಎ3 ಭದ್ರತೆ ಹಳೆಯ ಕ್ಯಾಮೆರಾಗಳಿಗೆ ತಿಳಿಯುವುದಿಲ್ಲ, ಅಂಥವಕ್ಕೆ ಡಬ್ಲ್ಯುಪಿಎ2 ಬೇಕು. ಕರೆಂಟು ಹೋಗಿ ಬಂದಾಗಲೆಲ್ಲ ಸಂಪರ್ಕ ತಪ್ಪುವುದಾದರೆ, ರೂಟರ್ ಏಳುವ ಮುನ್ನವೇ ಕ್ಯಾಮೆರಾ ಎದ್ದು ಹುಡುಕಿ ಸುಮ್ಮನಾಗಿರುತ್ತದೆ. ಎರಡನ್ನೂ ಯುಪಿಎಸ್ ಲೈನಿಗೆ ಹಾಕುವುದು ಇದಕ್ಕೆ ಪರಿಹಾರ.

ರೂಟರಿನ ಪಟ್ಟಿಯಲ್ಲಿ ಕ್ಯಾಮೆರಾ ಕಾಣುತ್ತಿದ್ದು ಆ್ಯಪ್ ಮಾತ್ರ ಆಫ್‌ಲೈನ್ ಎಂದರೆ ಉಳಿದದ್ದು ಇಂಟರ್ನೆಟ್. ಕ್ಯಾಮೆರಾಕ್ಕೆ ಬೇಕಾದದ್ದು ಡೌನ್‌ಲೋಡ್ ವೇಗವಲ್ಲ, ಅಪ್‌ಲೋಡ್ ವೇಗ. 1080ಪಿ ವಿಡಿಯೊ ಕಳಿಸಲು ಒಂದು ಕ್ಯಾಮೆರಾಕ್ಕೆ ಸುಮಾರು 2 ಎಂಬಿಪಿಎಸ್ ಬೇಕು. ನಾಲ್ಕು ಕ್ಯಾಮೆರಾ ಇರುವ ಮನೆಯಲ್ಲಿ ಅಪ್‌ಲೋಡ್ ಅಷ್ಟಿಲ್ಲದಿದ್ದರೆ ವಿಡಿಯೊದ ಗುಣಮಟ್ಟ ಇಳಿಸಬೇಕಾಗುತ್ತದೆ. ಸರ್ವರಿನದೇ ತೊಂದರೆಯಿದ್ದರೆ ಅದು ಸರಿಯಾಗುವವರೆಗೆ ಕಾಯುವುದೊಂದೇ ದಾರಿ.

ಇಷ್ಟೆಲ್ಲ ನೋಡಿದ ಮೇಲೆ ಫರ್ಮ್‌ವೇರ್ ಅಪ್‌ಡೇಟ್, ಕೊನೆಗೆ ರೀಸೆಟ್. ಗೇಟು ತೀರಾ ದೂರವಿದ್ದು ವೈಫೈ ಮುಟ್ಟುವಂತೆಯೇ ಇಲ್ಲದಿದ್ದರೆ ಒಂದೇ ಕೇಬಲ್ಲಿನಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಎರಡನ್ನೂ ಒಯ್ಯುವ ಪಿಒಇ ಕ್ಯಾಮೆರಾ ಹಾಕಿಸುವುದು ಲೇಸು. ಆ ಕೇಬಲ್ 100 ಮೀಟರ್‌ವರೆಗೆ ಕೆಲಸ ಮಾಡುತ್ತದೆ.