ಜಲ್ಲಿ ಹಾದಿಯಲ್ಲಿ ಅಪ್ಪ-ಮಗಳು: ಸ್ಪಿತಿ ಕಣಿವೆಗೊಂದು ಬೈಕ್ ಪ್ರವಾಸ

ಐವತ್ನಾಲ್ಕನೆಯ ವಯಸ್ಸಿನಲ್ಲಿ ಹೊಸ ವಿದ್ಯೆಯೊಂದನ್ನು ಕಲಿಯಲು ಹೊರಟವನನ್ನು ಮನೆಯವರೂ ನೆರೆಹೊರೆಯವರೂ ಯಾವ ದೃಷ್ಟಿಯಿಂದ ನೋಡುತ್ತಾರೆಂಬುದನ್ನು ನಾನು 2024ರ ಬೇಸಿಗೆಯಲ್ಲಿ ಚೆನ್ನಾಗಿ ಅರಿತುಕೊಂಡೆ. ಮೂವತ್ತು ವರ್ಷಗಳಿಂದ ಧಾರವಾಡದ ಡಾಂಬರು ರಸ್ತೆಗಳಲ್ಲಿ ಮೊದಲು ಸ್ಕೂಟರನ್ನೂ ಆಮೇಲೆ ಬೈಕನ್ನೂ ಓಡಿಸಿದವನು ನಾನು. ಆದರೆ ಕಲ್ಲು-ಜಲ್ಲಿ ಹರಡಿದ ಪರ್ವತದ ಹಾದಿಯಲ್ಲಿ ಬೈಕು ನಡೆಸುವುದು ಬೇರೆಯೇ ವಿದ್ಯೆ. ಆ ವರ್ಷದ ಯುಗಾದಿಗೆ ಬೆಂಗಳೂರಿನಿಂದ ಬಂದ ಮಗಳು, ಬೇವು-ಬೆಲ್ಲದ ಬಟ್ಟಲನ್ನು ಕೆಳಗಿಡುವ ಮೊದಲೇ, “ಅಪ್ಪಾ, ಸೆಪ್ಟೆಂಬರಿನ್ಯಾಗ ಇಬ್ಬರೂ ಕೂಡಿ ಸ್ಪಿತಿಗೆ ಹೋಗೂಣೇನ್ರಿ?” ಎಂದು ಕೇಳಿಬಿಟ್ಟಳು. “ಮಗಳಿಗೆ ಬುದ್ಧಿ ಹೇಳ್ರಿ ಅಂದ್ರ, ನೀವೂ ಹೊಂಟು ನಿಂತೀರೇನು?” ಎಂದು ನನ್ನ ಮಡದಿ ಮುನಿದಳು. ಆ ಮುನಿಸಿನ ಹಿಂದಿದ್ದ ಭಯ ಸಕಾರಣವಾದುದೇ ಆಗಿತ್ತು.

ಸ್ಪಿತಿಯು ಹಿಮಾಚಲ ಪ್ರದೇಶದ ಈಶಾನ್ಯ ಭಾಗದಲ್ಲಿರುವ, ಟಿಬೆಟ್ಟಿನ ಗಡಿಗೆ ತಾಗಿದ ಎತ್ತರದ ಕಣಿವೆ. ಮಳೆಯ ಮೋಡಗಳನ್ನು ಹಿಮಾಲಯದ ಶ್ರೇಣಿಗಳು ತಡೆದುಬಿಡುವುದರಿಂದ ಅದೊಂದು ಶೀತ ಮರುಭೂಮಿ. ಅಲ್ಲಿಗೆ ಹೋಗಲು ಎರಡು ದಾರಿಗಳಿವೆ. ಮನಾಲಿಯಿಂದ 2020ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಒಂಬತ್ತು ಕಿ.ಮೀ. ಉದ್ದದ ಅಟಲ್ ಸುರಂಗವನ್ನು ದಾಟಿ, 4,551 ಮೀಟರ್ ಎತ್ತರದ ಕುಂಜುಮ್ ಕಣಿವೆಮಾರ್ಗವನ್ನು ಏರಿ ಇಳಿಯುವುದು ಹತ್ತಿರದ ದಾರಿ. ಶಿಮ್ಲಾದಿಂದ ಸಟ್ಲೆಜ್ ನದಿಯ ಜೊತೆಜೊತೆಗೆ ಕಿನ್ನೌರ್ ಜಿಲ್ಲೆಯ ಮೂಲಕ ಸಾಗುವುದು ದೂರದ ದಾರಿ. ಕಾಜಾ ಪಟ್ಟಣದವರೆಗೆ 400 ಕಿ.ಮೀ.ಗೂ ಹೆಚ್ಚು.

ಹೊಸಬರು ಹತ್ತಿರದ ದಾರಿಯನ್ನು ಬಿಟ್ಟು ದೂರದ್ದನ್ನೇ ಹಿಡಿಯಬೇಕು. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಅಲ್ಲಿಂದ ಒಂದೇ ದಿನದಲ್ಲಿ ಕುಂಜುಮ್ ದಾಟಿದರೆ, ತೆಳುವಾದ ಗಾಳಿಗೆ ಹೊಂದಿಕೊಳ್ಳಲು ದೇಹಕ್ಕೆ ಸಮಯ ಸಿಗುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಸ್ಥಳದ ಎತ್ತರವು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂಬುದು ವೈದ್ಯರು ಹೇಳುವ ನಿಯಮ. ಕಿನ್ನೌರಿನ ದಾರಿ ಈ ನಿಯಮಕ್ಕಾಗಿಯೇ ಮಾಡಿಟ್ಟಂತಿದೆ: ಕಲ್ಪಾ 2,960 ಮೀಟರ್, ತಾಬೋ 3,280, ಕಾಜಾ ಸುಮಾರು 3,800. ಹಾದಿಯ ಒರಟುತನವೂ ಮೆಟ್ಟಿಲು ಮೆಟ್ಟಿಲಾಗಿಯೇ ಹೆಚ್ಚುತ್ತದೆ. ಮೊದಲು ಡಾಂಬರು, ನಡುನಡುವೆ ಜಲ್ಲಿ, ಕೊನೆಗೆ ಜಲ್ಲಿಯ ನಡುವೆ ಎಲ್ಲೋ ಒಂದಿಷ್ಟು ಡಾಂಬರು!

ಹೊರಡುವ ಮುನ್ನ ಮೂರು ತಿಂಗಳು, ಮಗಳು ಊರಿಗೆ ಬಂದ ಭಾನುವಾರಗಳಲ್ಲೆಲ್ಲ, ಧಾರವಾಡದ ಹೊರವಲಯದ ಗರಸಿನ ರಸ್ತೆಯೊಂದರಲ್ಲಿ ನಮ್ಮ ಅಭ್ಯಾಸ ನಡೆಯಿತು. ಅವಳು ಬೆಂಗಳೂರಿನಲ್ಲಿ ಎರಡು ದಿನದ ತರಬೇತಿ ಪಡೆದಿದ್ದಳು. ನನಗೆ ಅವಳೇ ಗುರು. ಅವಳಿಗೆ ಸೈಕಲ್ ಕಲಿಸಲು ಸೀಟು ಹಿಡಿದು ಹಿಂದೆ ಓಡಿದವನು ನಾನು. ಈಗ ಅವಳು ರಸ್ತೆಯ ಬದಿಗೆ ನಿಂತು, “ಅಪ್ಪಾ, ಹ್ಯಾಂಡಲ್ ಅಷ್ಟ ಗಟ್ಟಿ ಹಿಡೀಬ್ಯಾಡ್ರಿ, ಬಿಸಿ ಹೋಳಿಗಿ ಎತ್ತಿದಂಗ ಹಿಡೀರಿ!” ಎಂದು ಕೂಗುತ್ತಿದ್ದಳು.

ಆ ಒಂದು ಮಾತಿನಲ್ಲಿ ಜಲ್ಲಿ ಹಾದಿಯ ಅರ್ಧ ವಿದ್ಯೆ ಅಡಗಿದೆ. ಸಡಿಲ ಕಲ್ಲುಗಳ ಮೇಲೆ ಮುಂಗಾಲಿ ಅತ್ತಿತ್ತ ಹೊಯ್ದಾಡುವುದು ಸಹಜ. ಹೊಯ್ದಾಟಕ್ಕೆ ಹೆದರಿ ಸವಾರನು ತೋಳು ಬಿಗಿದರೆ, ತಾನೇ ನೇರವಾಗಬಲ್ಲ ಗಾಲಿಯನ್ನು ಆತನೇ ತಡೆದಂತಾಗುತ್ತದೆ. ಕಾಲೂರುವ ಪೆಗ್ಗುಗಳ ಮೇಲೆ ಎದ್ದು ನಿಂತು, ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು, ಕೈಗಳನ್ನು ಸಡಿಲ ಬಿಟ್ಟರೆ ಬೈಕು ನಮ್ಮ ಕೆಳಗೆ ತನ್ನಷ್ಟಕ್ಕೆ ಕುಣಿಯುತ್ತ ಮುಂದೆ ಸಾಗುತ್ತದೆ. ಎರಡನೆಯ ಗೇರಿನಲ್ಲಿ ಒಂದೇ ಸಮನಾದ ವೇಗ. ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತಕ್ಕೇ ಆದ್ಯತೆ. ಬೇಕಾದರೆ ಹಿಂದಿನ ಬ್ರೇಕು. ಮುಂದಿನ ಬ್ರೇಕನ್ನು ಮಾತ್ರ ತಟ್ಟನೆ ಒತ್ತಲೇಬಾರದು. ಲಾರಿ-ಜೀಪುಗಳ ಗಾಲಿಗಳು ತುಳಿದು ಗಟ್ಟಿಯಾದ ಪಟ್ಟಿಯಲ್ಲೇ ಸಾಗಬೇಕು. ಜಲ್ಲಿ ಗುಡ್ಡೆಯಾಗುವುದು ಅವುಗಳ ನಡುವೆ ಮತ್ತು ತಿರುವಿನ ಹೊರ ಅಂಚಿನಲ್ಲಿ. ದೃಷ್ಟಿ ದೂರದಲ್ಲಿರಲಿ. ಎದುರಿನ ಕಲ್ಲನ್ನೇ ದಿಟ್ಟಿಸಿದವನು ಅದಕ್ಕೇ ಹೋಗಿ ಹಾಯುತ್ತಾನೆ.

ಸೆಪ್ಟೆಂಬರ್ ಮಧ್ಯಭಾಗದಲ್ಲಿ ಶಿಮ್ಲಾದಲ್ಲಿ ಹಿಮಾಲಯನ್ 411 ಮಾದರಿಯ ಎರಡು ಬೈಕುಗಳನ್ನು ಬಾಡಿಗೆಗೆ ಪಡೆದೆವು. ಸೀಟಿನ ಎತ್ತರ 800 ಮಿಲಿಮೀಟರ್ ಮಾತ್ರವಾದುದರಿಂದ ಸಾಧಾರಣ ಎತ್ತರದವರಿಗೂ ಕಾಲು ನೆಲಕ್ಕೆ ಎಟುಕುತ್ತದೆ. ತೂಕ ಮಾತ್ರ 199 ಕಿಲೋ. ನಾರ್ಕಂಡಾ, ಸರಾಹನ್, ಕಲ್ಪಾಗಳಲ್ಲಿ ಒಂದೊಂದು ರಾತ್ರಿ ತಂಗಿದೆವು. ಕಿನ್ನೌರಿನಲ್ಲಿ ಬಂಡೆಯನ್ನೇ ಕೊರೆದು ಮಾಡಿದ ರಸ್ತೆಗೆ ಅಲ್ಲಲ್ಲಿ ಆ ಬಂಡೆಯೇ ಛಾವಣಿ. ಪಕ್ಕದ ಪ್ರಪಾತದಲ್ಲಿ ಸಟ್ಲೆಜ್. ಕಲ್ಪಾದ ಅಂಗಳದಲ್ಲಿ ನಿಂತರೆ ಎದುರಿಗೆ ಕಿನ್ನರ ಕೈಲಾಸ. ಅದರ ಏಣಿನ ಮೇಲೆ ನಿಂತ ಕಲ್ಲಿನ ಕಂಬವನ್ನು ಜನರು ಶಿವಲಿಂಗವೆಂದು ಪೂಜಿಸುತ್ತಾರೆ. ಬೆಳಗಿನ ಬಿಸಿಲು ಬಿದ್ದಾಗ ಅದನ್ನು ಕಂಡು ಇಬ್ಬರೂ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದೆವು.

ಖಾಬ್ ಎಂಬಲ್ಲಿ ಸ್ಪಿತಿ ನದಿಯು ಸಟ್ಲೆಜ್ ನದಿಯನ್ನು ಕೂಡುತ್ತದೆ. ಅಲ್ಲಿಂದಾಚೆ ಮರಗಳು ವಿರಳವಾಗಿ, ಬರಿಯ ಮಣ್ಣುಬಣ್ಣದ ಬೆಟ್ಟಗಳೇ ಉಳಿಯುತ್ತವೆ. ಅಲ್ಲಿಯ ಒಂದು ತಿರುವಿನಲ್ಲಿ ನಾನು ಬಿದ್ದೆ. ಎದುರಿಗೆ ಲಾರಿ ಕಂಡಿತು. ಕಲಿತ ವಿದ್ಯೆಯೆಲ್ಲ ಮರೆತು ಕೈ ಮುಂದಿನ ಬ್ರೇಕನ್ನೇ ಒತ್ತಿತು. ಮೊಣಕಾಲಿನ ಕವಚವೂ ಕೈಗವಸೂ ಇದ್ದುದರಿಂದ ಪೆಟ್ಟಾಗಲಿಲ್ಲ. ಆದದ್ದು ಅಭಿಮಾನಭಂಗ ಮಾತ್ರ. ಬಿದ್ದ ಬೈಕನ್ನು ಬಗ್ಗಿ ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ. ಗೇರಿನಲ್ಲಿಟ್ಟು, ಬೈಕಿಗೆ ಬೆನ್ನು ಕೊಟ್ಟು ಕುಳಿತು, ಕಾಲುಗಳ ಬಲದಿಂದ ಹಿಮ್ಮೆಟ್ಟುತ್ತ ಎತ್ತಬೇಕು. ಲಾರಿಯ ಚಾಲಕನೂ ಇಳಿದು ಬಂದು ಕೈಹಚ್ಚಿದನು.

ಅಂದು ತಾಬೋದಲ್ಲಿ ತಂಗಿದೆವು. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ಬೌದ್ಧ ವಿಹಾರ ಅಲ್ಲಿಯದು. ಸಾವಿರ ವರ್ಷ ಕಳೆದರೂ ಮಣ್ಣಿನ ಗೋಡೆಗಳು ನಿಂತಿವೆ, ಒಳಗೆ ಚಿತ್ರಗಳು ಉಳಿದಿವೆ. ಮಳೆ ಕಡಿಮೆಯಿರುವ ನಾಡಿನಲ್ಲಿ ಮಾತ್ರ ಸಾಧ್ಯವಾಗುವ ಆಯುಷ್ಯವದು. ಮರುದಿನ ಕಾಜಾ ಸೇರಿ ಎರಡು ರಾತ್ರಿ ಕಳೆದೆವು. 4,166 ಮೀಟರ್ ಎತ್ತರದ ಕೀ ವಿಹಾರಕ್ಕೆ ಹೋಗಿಬಂದೆವು. ನನಗೆ ಧೈರ್ಯ ಬಂದಿತ್ತು. ತುಸು ಹೆಚ್ಚೇ ಬಂದಿತ್ತೆನ್ನಬೇಕು. ಕಾಜಾದಿಂದ ಲೋಸರ್ ಗ್ರಾಮ, ಅಲ್ಲಿಂದ ಕುಂಜುಮ್ ಏರಿ ಬಾತಲ್, ಗ್ರಾಂಫು ಮಾರ್ಗವಾಗಿ ಮನಾಲಿ, ಮತ್ತೆ ಶಿಮ್ಲಾ ಎಂದು ನಾವು ಲೆಕ್ಕ ಹಾಕಿದ್ದೆವು. ಬಾತಲದಿಂದ ಗ್ರಾಂಫುವರೆಗಿನ ಸುಮಾರು 50 ಕಿ.ಮೀ. ಇಡೀ ಯಾತ್ರೆಯ ಅತ್ಯಂತ ಕಠಿಣ ಭಾಗ. ತಲೆಗಾತ್ರದ ಕಲ್ಲುಗಳು, ಹಾದಿಗಡ್ಡವಾಗಿ ಹರಿಯುವ ಹಿಮಹಳ್ಳಗಳು. ಬಿಸಿಲೇರಿದಂತೆ ಹಿಮ ಕರಗಿ ನೀರು ಹೆಚ್ಚುವುದರಿಂದ ಅವನ್ನು ಬೆಳಿಗ್ಗೆಯೇ ದಾಟಿಬಿಡಬೇಕು.

ಲೋಸರ್ 4,000 ಮೀಟರಿಗೂ ಮೇಲಿದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದಾಗ ತಲೆಗೆ ಹಗ್ಗ ಬಿಗಿದಂತಿತ್ತು. ಕುಂಜುಮ್ ಇಪ್ಪತ್ತು ಕಿ.ಮೀ. ಕೂಡ ದೂರವಿರಲಿಲ್ಲ. ಮಗಳಿಗೆ ತಿಳಿಸದೆ ಒಂದು ಗುಳಿಗೆ ನುಂಗಿದೆ. ಓದುಗರಲ್ಲಿ ಈ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಳ್ಳುತ್ತಿದ್ದೇನೆ. ಆದರೆ ತಾಟಿನಲ್ಲಿ ಹಾಗೆಯೇ ಉಳಿದ ಪರೋಟ ನನ್ನ ಗುಟ್ಟನ್ನು ಹೇಳಿಬಿಟ್ಟಿತು.

“ಅಪ್ಪಾ, ಖರೆ ಹೇಳ್ರಿ. ತಲಿ ನೋಯಾಕತ್ತೇದಲ್ಲ?”

“ಸ್ವಲ್ಪ. ಇಷ್ಟ ದೂರ ಬಂದು ಹೊಳ್ಳಿ ಹೋಗೂದೇನವ್ವಾ?”

“ಕುಂಜುಮ್ ಎಲ್ಲೂ ಓಡಿ ಹೋಗೂದಿಲ್ರಿ. ಅವ್ವಗ ನಾ ಏನ ಹೇಳ್ಲಿ?”

ತಲೆನೋವು ಮತ್ತು ಹಸಿವಿಲ್ಲದಿರುವುದು ಎತ್ತರದ ಕಾಯಿಲೆಯ ಮೊದಲ ಸೂಚನೆಗಳು. ಅವು ಇರುವಾಗ ಇನ್ನೂ ಮೇಲೇರಬಾರದು. ಹೆಚ್ಚಾದರೆ ಕೆಳಗಿಳಿಯುವುದೊಂದೇ ಮದ್ದು. ಅಲಕ್ಷಿಸಿದರೆ ಶ್ವಾಸಕೋಶದಲ್ಲೋ ಮೆದುಳಿನಲ್ಲೋ ನೀರು ತುಂಬಿ ಪ್ರಾಣಕ್ಕೇ ಎರವಾಗಬಹುದು. ಇದೆಲ್ಲವೂ ನನಗೆ ತಿಳಿದಿತ್ತು. ಊರಿನಲ್ಲಿ ಹತ್ತು ಜನರೆದುರು ಇದನ್ನೇ ವಿವರಿಸಿ ಬಂದವನು ನಾನು. ಆದರೂ ಅರ್ಧ ಗಂಟೆ ಮುಖ ಊದಿಸಿಕೊಂಡು ಕುಳಿತಿದ್ದೆ. ನಾಲ್ಕು ವರ್ಷದವಳಿದ್ದಾಗ ಜಾತ್ರೆಯಿಂದ ಹೊರಡಿಸಿದರೆ ಅವಳು ಹೀಗೆಯೇ ಕುಳಿತುಕೊಳ್ಳುತ್ತಿದ್ದಳು. ಅದು ನೆನಪಾಗಿ ನಗು ಬಂದಿತು. ಎದ್ದು ಬೈಕನ್ನು ಕಾಜಾದ ಕಡೆಗೆ ತಿರುಗಿಸಿದೆ.

ಆ ಹಿಂದಿರುಗುವ ಹಾದಿಯಲ್ಲಿ ಒಂದು ಸೋಜಿಗ ನಡೆಯಿತು. ಮುಟ್ಟಬೇಕಾದ ಶಿಖರ ಎದುರಿಗಿರಲಿಲ್ಲ. ಆದ್ದರಿಂದ ಅವಸರವೂ ಇರಲಿಲ್ಲ. ಹಿಂದಿನ ದಿನ ಹಲ್ಲು ಕಚ್ಚಿ ದಾಟಿದ ಜಲ್ಲಿಯ ಮೇಲೆ ಇಂದು ಕೈ ತಾನಾಗಿ ಸಡಿಲವಾಗಿತ್ತು. ಕನ್ನಡಿಯಲ್ಲಿ ನೋಡಿದರೆ ಮಗಳು ಸ್ವಲ್ಪ ಅಂತರ ಬಿಟ್ಟು ಹಿಂದೆಯೇ ಬರುತ್ತಿದ್ದಳು. ಕಾಜಾದ ಆಸ್ಪತ್ರೆಯಲ್ಲಿ ರಕ್ತದೊಳಗಿನ ಆಮ್ಲಜನಕದ ಮಟ್ಟವನ್ನು ಪರೀಕ್ಷಿಸಿದ ವೈದ್ಯರು, ಇಳಿದು ಬಂದದ್ದು ಒಳ್ಳೆಯದಾಯಿತೆಂದರು. ಸಂಜೆಯ ಹೊತ್ತಿಗೆ ನೋವು ಇಳಿದು, ಎರಡು ತಟ್ಟೆ ಥುಕ್ಪಾ ಉಂಡೆ. ಬಂದ ದಾರಿಯಲ್ಲಿಯೇ ಶಿಮ್ಲಾಕ್ಕೆ ಮರಳಿದೆವು.

ಹೋಗಿಬರುವ ಮನಸ್ಸುಳ್ಳ ಹೊಸಬರಿಗೆ ನಾಲ್ಕು ಮಾತು. ಕುಂಜುಮ್ ಸಾಮಾನ್ಯವಾಗಿ ಜೂನಿನಿಂದ ಅಕ್ಟೋಬರಿನವರೆಗೆ ತೆರೆದಿರುತ್ತದೆ. ಜುಲೈ-ಆಗಸ್ಟ್‌ನಲ್ಲಿ ಕಿನ್ನೌರಿನ ಕಡೆ ಭೂಕುಸಿತದ ಭಯವಿರುವುದರಿಂದ ಸೆಪ್ಟೆಂಬರೇ ಲೇಸು. ರಿಕಾಂಗ್ ಪಿಯೊದಲ್ಲಿ ಟ್ಯಾಂಕು ತುಂಬಿಸಿದರೆ ಮುಂದಿನ ಪೆಟ್ರೋಲು ಕಾಜಾದಲ್ಲೆಂದೇ ಲೆಕ್ಕವಿರಲಿ. ಇಕ್ಕಟ್ಟಾದ ಹಾದಿಯಲ್ಲಿ ಏರುತ್ತ ಬರುವ ವಾಹನಕ್ಕೆ ಮೊದಲ ದಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ದಿನಗಳನ್ನು ಯಾವ ಕಾರ್ಯಕ್ರಮವೂ ಇಲ್ಲದೆ ಕೈಯಲ್ಲಿಟ್ಟುಕೊಂಡು ಹೊರಡಿರಿ. ಮರಳುವ ರೈಲಿನ ಟಿಕೀಟು ಮನುಷ್ಯನಿಂದ ಎಷ್ಟೋ ಅವಿವೇಕಗಳನ್ನು ಮಾಡಿಸುತ್ತದೆ.

ಮನೆಗೆ ಬಂದ ದಿನ ಮಡದಿ ನಮ್ಮಿಬ್ಬರ ಕೈಕಾಲುಗಳನ್ನು ಒಮ್ಮೆ ಕಣ್ಣಿನಲ್ಲೇ ಎಣಿಸಿ, ಚಹಾ ತಂದಿಟ್ಟು, “ಎಲ್ಲೀತನಕ ಹೋಗಿದ್ರಿ?” ಎಂದು ಕೇಳಿದಳು.

“ಲೋಸರ್‌ತನಕ,” ಎಂದೆ. “ಅಲ್ಲಿಂದ ನಿನ್ನ ಮಗಳು ಹೊಳ್ಳಿಸಿಕೊಂಡು ಬಂದ್ಲು.”

ಅಂದು ರಾತ್ರಿ ಊಟಕ್ಕೆ ಹೋಳಿಗೆ ಇತ್ತು.